ಎಸ್‌ಎಟಿಯ ಉಚಿತ ವ್ಯಾಕರಣ ಅಭ್ಯಾಸ: ಕರ್ತೃ–ಕ್ರಿಯಾಪದದಲ್ಲಿ ಗಟ್ಟಿ, ಹೋಲಿಕೆಯಲ್ಲಿ ಬರಿದು

ಅಮೆರಿಕದ ಕಾಲೇಜುಗಳಲ್ಲಿ ಪದವಿ ಓದಬಯಸುವವರು ಬರೆಯುವ ಎಸ್‌ಎಟಿ ಪರೀಕ್ಷೆಗೆ, ಅದನ್ನು ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯೇ ಅಭ್ಯಾಸದ ಸಾಮಗ್ರಿಯನ್ನು ಉಚಿತವಾಗಿ ಒದಗಿಸುತ್ತದೆ. ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ ಪೂರ್ಣ ಪ್ರಮಾಣದ ಮಾದರಿ ಪರೀಕ್ಷೆಗಳಿವೆ. ಜಾಲತಾಣದಲ್ಲಿ ಯಾರು ಬೇಕಾದರೂ ತೆರೆದು ನೋಡಬಹುದಾದ ಪ್ರಶ್ನೆ ಬ್ಯಾಂಕ್ ಇದೆ. ಸಹಭಾಗಿತ್ವದ ಫಲವಾಗಿ 2015ರಿಂದ ಖಾನ್ ಅಕಾಡೆಮಿ ಎಂಬ ಉಚಿತ ಕಲಿಕೆಯ ಜಾಲತಾಣದಲ್ಲಿ ಪಾಠಗಳೂ ಅಭ್ಯಾಸಗಳೂ ದೊರೆಯುತ್ತವೆ. ಈ ಮೂರನ್ನೂ ಒಂದೇ ಸೇವೆಯೆಂದು ಪರಿಗಣಿಸಿ, ಅದರ ಇಂಗ್ಲಿಷ್ ವ್ಯಾಕರಣದ ಭಾಗವನ್ನು ಮಾತ್ರ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿದ್ದೇನೆ. ಅದರಲ್ಲಿಯೂ ನನ್ನ ಗಮನವಿರುವುದು ಎರಡೇ ವಿಷಯಗಳ ಮೇಲೆ: ಕರ್ತೃವಿಗೂ ಕ್ರಿಯಾಪದಕ್ಕೂ ಇರಬೇಕಾದ ಹೊಂದಾಣಿಕೆ ಒಂದು, ಹೋಲಿಕೆಯ ವಾಕ್ಯರಚನೆ ಇನ್ನೊಂದು. ಪಿಯು ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಹೇಳಿಕೊಡುವ ನನಗೆ, ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ಮಕ್ಕಳು ಅತಿ ಹೆಚ್ಚು ಎಡವುವುದು ಈ ಎರಡು ಕಡೆಗಳಲ್ಲಿಯೇ ಎಂದು ಅನ್ನಿಸಿದೆ. ಎಸ್‌ಎಟಿ ಬರೆಯುವವರಿಗಷ್ಟೇ ಅಲ್ಲ, ಕೇಂದ್ರ ಸರ್ಕಾರದ ಕೆಲಸಗಳಿಗೆ ನಡೆಯುವ ಎಸ್‌ಎಸ್‌ಸಿ ಅಥವಾ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೂ ಈ ಸಾಮಗ್ರಿ ಎಷ್ಟರ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ ಎಂಬುದನ್ನೂ ಜೊತೆಯಲ್ಲಿಯೇ ನೋಡಿದ್ದೇನೆ.

ಪರೀಕ್ಷೆಯ ಸ್ವರೂಪವನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಭಾರತವೂ ಸೇರಿದಂತೆ ಅಮೆರಿಕದ ಹೊರಗಿನ ದೇಶಗಳಲ್ಲಿ ಎಸ್‌ಎಟಿ 2023ರ ಮಾರ್ಚ್‌ನಿಂದ, ಅಮೆರಿಕದಲ್ಲಿ 2024ರ ಮಾರ್ಚ್‌ನಿಂದ ಕಂಪ್ಯೂಟರಿನ ಮೇಲೆ ನಡೆಯುತ್ತಿದೆ. ಓದು ಮತ್ತು ಬರವಣಿಗೆಯ ವಿಭಾಗದಲ್ಲಿ 54 ಪ್ರಶ್ನೆಗಳಿಗೆ 64 ನಿಮಿಷಗಳಿರುತ್ತವೆ. ಅದು ತಲಾ 27 ಪ್ರಶ್ನೆಗಳ ಎರಡು ಭಾಗಗಳಾಗಿ ಬರುತ್ತದೆ ಮತ್ತು ಮೊದಲನೆಯದರಲ್ಲಿ ವಿದ್ಯಾರ್ಥಿ ತೋರಿದ ಸಾಮರ್ಥ್ಯವನ್ನು ನೋಡಿ ಎರಡನೆಯದರ ಕಷ್ಟದ ಮಟ್ಟ ನಿರ್ಧಾರವಾಗುತ್ತದೆ. ಪ್ರತಿಯೊಂದು ಪ್ರಶ್ನೆಗೂ 25ರಿಂದ 150 ಪದಗಳ ಒಂದು ಪುಟ್ಟ ಗದ್ಯಭಾಗವಿರುತ್ತದೆ. ವ್ಯಾಕರಣಕ್ಕೆ ಮೀಸಲಾದ ಪ್ರಶ್ನೆಗಳು 11ರಿಂದ 15ರವರೆಗೆ, ಅಂದರೆ ವಿಭಾಗದ ಸುಮಾರು ಕಾಲು ಪಾಲು. ಅವುಗಳಲ್ಲಿ ಒಂದಷ್ಟು ವಾಕ್ಯಗಳ ಗಡಿ ಮತ್ತು ಲೇಖನಚಿಹ್ನೆಗಳಿಗೆ ಸಂಬಂಧಿಸಿದವು. ಉಳಿದವು ಪದರೂಪ ಮತ್ತು ವಾಕ್ಯರಚನೆಗೆ ಸೇರಿದವು. ಕರ್ತೃ–ಕ್ರಿಯಾಪದದ ಹೊಂದಾಣಿಕೆ ಬರುವುದು ಈ ಎರಡನೆಯ ಗುಂಪಿನಲ್ಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ.

ಪ್ರಶ್ನೆಗಳ ಕಟ್ಟಡವನ್ನು ನೋಡಿದರೆ ಅವುಗಳನ್ನು ರೂಪಿಸಿದವರ ಶ್ರದ್ಧೆ ಎದ್ದು ಕಾಣುತ್ತದೆ. ನಮ್ಮ ಶಾಲೆಗಳಲ್ಲಿ ಹೊಂದಾಣಿಕೆಯನ್ನು ಕಲಿಸುವುದು ಸಾಮಾನ್ಯವಾಗಿ ನಿಯಮಗಳ ಪಟ್ಟಿಯ ಮೂಲಕ. ‘ಈಚ್’ ಬಂದರೆ ಏಕವಚನ, ‘ಬೋತ್’ ಬಂದರೆ ಬಹುವಚನ, ‘ಆ್ಯಸ್ ವೆಲ್ ಆ್ಯಸ್’ ಬಂದರೆ ಮೊದಲನೆಯ ನಾಮಪದವನ್ನು ನೋಡು ಎಂದು ಬಾಯಿಪಾಠ ಮಾಡಿಸುತ್ತಾರೆ. ಎಸ್‌ಎಟಿಯ ಪ್ರಶ್ನೆಗಳು ಇಂತಹ ಪಟ್ಟಿಯನ್ನು ಹೆಚ್ಚಾಗಿ ನೆಚ್ಚಿಕೊಂಡಿಲ್ಲ. ಅವು ಕೇಳುವುದು ಒಂದೇ ಮಾತು: ಈ ವಾಕ್ಯದ ನಿಜವಾದ ಕರ್ತೃ ಯಾವುದು? ಅದನ್ನು ಕಂಡುಹಿಡಿಯಲು ಬಾರದಂತೆ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ವಿವರಣೆಯನ್ನು ತುರುಕುತ್ತಾರೆ. ಆ ವಿವರಣೆಯಲ್ಲಿ ಒಬ್ಬ ಸಸ್ಯವಿಜ್ಞಾನಿಯ ಪರಿಚಯವಿರಬಹುದು, ಒಂದು ಬುಡಕಟ್ಟಿನ ನೇಯ್ಗೆಯ ವರ್ಣನೆಯಿರಬಹುದು. ಓದುಗನ ಮನಸ್ಸು ಅಲ್ಲಿಗೆ ಹೋಗಿ ನಿಂತಾಗ ಖಾಲಿ ಜಾಗ ಎದುರಾಗುತ್ತದೆ.

ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. “ದಿ ಕಲೆಕ್ಷನ್ ಆಫ್ ಸ್ಟೋನ್ ಇನ್‌ಸ್ಕ್ರಿಪ್ಷನ್ಸ್ ಫ್ರಮ್ ದಿ ವಿಲೇಜಸ್ ಅರೌಂಡ್ ಬಾದಾಮಿ” ಎಂದು ವಾಕ್ಯ ಆರಂಭವಾಗಿ, ಅನಂತರ ಖಾಲಿ ಜಾಗ ಬಿಟ್ಟು, “ವ್ಯಾಲ್ಯುಬಲ್ ಟು ಹಿಸ್ಟೋರಿಯನ್ಸ್” ಎಂದು ಮುಗಿಯುತ್ತದೆ ಎಂದುಕೊಳ್ಳೋಣ. ಕರ್ತೃ ‘ಕಲೆಕ್ಷನ್’, ಆದ್ದರಿಂದ ಉತ್ತರ ‘ಈಸ್’. ಆದರೆ ಖಾಲಿ ಜಾಗವನ್ನು ತಲುಪುವ ಹೊತ್ತಿಗೆ ಶಾಸನಗಳೂ ಹಳ್ಳಿಗಳೂ ಎರಡು ಬಹುವಚನಗಳಾಗಿ ಕಿವಿಯಲ್ಲಿ ಉಳಿದಿರುತ್ತವೆ, ಕೈ ತಾನಾಗಿಯೇ ‘ಆರ್’ ಕಡೆಗೆ ಹೋಗುತ್ತದೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಅಮೆರಿಕದ ಮಕ್ಕಳೂ ಇಲ್ಲಿ ಜಾರುತ್ತಾರೆ. ಅವರಿಗಾಗಿಯೇ ಈ ಬಲೆಯನ್ನು ಹೆಣೆದದ್ದು. ಕನ್ನಡದ ಮಕ್ಕಳನ್ನು ಇದೇ ಬಲೆಯೊಳಕ್ಕೆ ಎಳೆಯುವ ಇನ್ನೊಂದು ಸೆಳೆತವೂ ಇದೆ, ಅದರ ಸುಳಿವು ಈ ಸಾಮಗ್ರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಅದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದರೆ ‘ಬಾದಾಮಿಯ ಸುತ್ತಲಿನ ಹಳ್ಳಿಗಳ ಶಿಲಾಶಾಸನಗಳ ಸಂಗ್ರಹ’ ಎಂದಾಗುತ್ತದೆ. ನಮ್ಮ ನುಡಿಯಲ್ಲಿ ವಿಶೇಷಣಗಳೆಲ್ಲ ಮುಂದೆ ಬಂದು, ಮುಖ್ಯವಾದ ನಾಮಪದ ಕಟ್ಟಕಡೆಗೆ ಬರುತ್ತದೆ. ಅದಾದ ಮೇಲೆ ಕ್ರಿಯಾಪದ. ಹೀಗಾಗಿ ಕ್ರಿಯಾಪದಕ್ಕೆ ಹತ್ತಿರದಲ್ಲಿರುವ ಪದವೇ ಕರ್ತೃವಾಗಿರುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷಿನಲ್ಲಿ ಮುಖ್ಯ ಪದ ಮೊದಲು ಬಂದು, ‘ಆಫ್’ ಮತ್ತು ‘ಫ್ರಮ್’ಗಳ ಬಾಲ ಅದರ ಹಿಂದೆ ಬೆಳೆಯುತ್ತದೆ. ಕನ್ನಡದ ಕಿವಿ ಆ ಬಾಲದ ತುದಿಯಲ್ಲಿರುವ ಪದವನ್ನು ಕರ್ತೃವೆಂದು ಎಣಿಸುತ್ತದೆ. ಇದರ ಜೊತೆಗೆ ನಪುಂಸಕಲಿಂಗದ ವಿಷಯದಲ್ಲಿ ನಮ್ಮ ಆಡುಮಾತು ವಚನವನ್ನು ಅಷ್ಟು ಬಿಗಿಯಾಗಿ ಪಾಲಿಸುವುದಿಲ್ಲ. ‘ಹಕ್ಕಿಗಳು ಹಾರಿದವು’ ಎಂದು ಪರೀಕ್ಷೆಯಲ್ಲಿ ಬರೆಯುವ ಹುಡುಗನೇ ‘ನಾಲ್ಕು ಬಸ್ಸು ಬಂತು, ಒಂದೂ ನಿಲ್ಲಿಸಲಿಲ್ಲ’ ಎಂದು ಮಾತನಾಡುತ್ತಾನೆ, ಅದರಲ್ಲಿ ಯಾರಿಗೂ ಏನೂ ತಪ್ಪು ಕಾಣುವುದಿಲ್ಲ. ಮನುಷ್ಯರ ಮಾತು ಬಂದಾಗ ಮಾತ್ರ ನಾವು ಕಟ್ಟುನಿಟ್ಟು. ‘ಹುಡುಗಿ ಬಂದರು’ ಎಂದು ಯಾರೂ ಹೇಳುವುದಿಲ್ಲ, ಗೌರವ ಸೂಚಿಸುವುದಿದ್ದರೆ ಮಾತು ಬೇರೆ. ಎಸ್‌ಎಟಿಯ ವಾಕ್ಯಗಳಲ್ಲಿ ಕರ್ತೃವಾಗಿ ಬರುವುದು ಬಹುಮಟ್ಟಿಗೆ ವಸ್ತುಗಳು, ಸಂಶೋಧನೆಗಳು, ಕಲಾಕೃತಿಗಳು. ನಮ್ಮ ಎಚ್ಚರ ಕಡಿಮೆ ಇರುವ ಜಾಗವೇ ಅದು.

ಈ ಕಾರಣವನ್ನು ವಿದ್ಯಾರ್ಥಿಗೆ ಒಮ್ಮೆ ತಿಳಿಸಿ ಹೇಳಿದರೆ, ಅನಂತರದ ಕೆಲಸವನ್ನು ಪ್ರಶ್ನೆ ಬ್ಯಾಂಕ್ ಚೆನ್ನಾಗಿ ಮಾಡುತ್ತದೆ. ವಿಭಾಗ, ಕೌಶಲ ಮತ್ತು ಕಷ್ಟದ ಮಟ್ಟಗಳನ್ನು ಆರಿಸಿಕೊಂಡು ಪ್ರಶ್ನೆಗಳನ್ನು ಸೋಸಿ ತೆಗೆಯಬಹುದು, ಬೇಕಾದವನ್ನು ಪಿಡಿಎಫ್ ಮಾಡಿಕೊಂಡು ಮುದ್ರಿಸಲೂಬಹುದು. ಆದರೆ ಸೋಸುವ ಸೌಲಭ್ಯ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ‘ಪದರೂಪ, ರಚನೆ ಮತ್ತು ಅರ್ಥ’ ಎಂಬ ಕೌಶಲದವರೆಗೆ ಮಾತ್ರ ಹೋಗಬಹುದು. ಅದರೊಳಗೆ ಹೊಂದಾಣಿಕೆಯ ಜೊತೆಗೆ ಸರ್ವನಾಮ, ಕಾಲ, ಕ್ರಿಯಾಪದದ ಪೂರ್ಣ ಮತ್ತು ಅಪೂರ್ಣ ರೂಪ, ವಿಶೇಷಣದ ಸ್ಥಾನ, ಬಹುವಚನ ಮತ್ತು ಷಷ್ಠಿಯ ಗೊಂದಲ ಎಲ್ಲವೂ ಕಲಸಿಹೋಗಿವೆ. ಹೊಂದಾಣಿಕೆಯ ಪ್ರಶ್ನೆಗಳನ್ನಷ್ಟೇ ಒಟ್ಟುಗೂಡಿಸಬೇಕೆಂದರೆ ಶಿಕ್ಷಕರೋ ಪೋಷಕರೋ ಕುಳಿತು ಒಂದೊಂದಾಗಿ ಆರಿಸಬೇಕು. ಪರೀಕ್ಷೆಯ ದೃಷ್ಟಿಯಿಂದ ಈ ಬೆರಕೆಯೇ ಸರಿ ಎಂದು ವಾದಿಸಬಹುದು, ಏಕೆಂದರೆ ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಏನನ್ನು ಕೇಳುತ್ತಿದೆ ಎಂದು ಮೊದಲೇ ಯಾರೂ ಹೇಳುವುದಿಲ್ಲ. ಆದರೆ ಕಲಿಯುವ ಹಂತದಲ್ಲಿರುವವನಿಗೆ ಒಂದೇ ಬಗೆಯ ಹತ್ತಿಪ್ಪತ್ತು ಪ್ರಶ್ನೆಗಳು ಒಟ್ಟಿಗೆ ಸಿಕ್ಕರೆ ಆಗುವ ಪ್ರಯೋಜನವೇ ಬೇರೆ.

ಉತ್ತರಗಳ ವಿವರಣೆ ನಿಷ್ಠುರವಾಗಿ ಸರಿಯಾಗಿದೆ, ಅಷ್ಟೇ ನೀರಸವಾಗಿಯೂ ಇದೆ. ಇಲ್ಲಿ ಪರೀಕ್ಷಿಸುತ್ತಿರುವ ನಿಯಮ ಇದು, ಏಕವಚನದ ಈ ಕ್ರಿಯಾಪದ ಏಕವಚನದ ಈ ಕರ್ತೃವಿಗೆ ಹೊಂದುತ್ತದೆ, ಉಳಿದ ಮೂರು ಬಹುವಚನವಾದ್ದರಿಂದ ಹೊಂದುವುದಿಲ್ಲ ಎಂಬ ಒಂದೇ ಅಚ್ಚಿನಲ್ಲಿ ಪ್ರತಿಯೊಂದು ವಿವರಣೆಯನ್ನೂ ಎರಕ ಹೊಯ್ದಿದ್ದಾರೆ. ಯಾವ ಪದ ಕರ್ತೃ ಎಂಬುದನ್ನು ಹೇಳುತ್ತಾರೆ, ಅದು ಹೇಗೆ ಕರ್ತೃವಾಯಿತು ಎಂಬುದನ್ನು ಹೇಳುವುದಿಲ್ಲ. ತಪ್ಪು ಮಾಡಿದ ವಿದ್ಯಾರ್ಥಿಗೆ ಬೇಕಾಗಿರುವುದು ಎರಡನೆಯದು. ವಿವರಣೆಯೆಲ್ಲ ಇಂಗ್ಲಿಷಿನಲ್ಲಿಯೇ ಇರುವುದರಿಂದ, ವ್ಯಾಕರಣದ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಓದಿ ಬಂದವರಿಗೆ ಆರಂಭದಲ್ಲಿ ಯಾರಾದರೂ ಪಕ್ಕದಲ್ಲಿ ಕುಳಿತು ನೆರವಾಗಬೇಕಾಗುತ್ತದೆ. ಹಾಗೆ ನೋಡಿದರೆ ಪ್ರೌಢಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಸರಿಯಾಗಿ ಕಲಿತ ಮಕ್ಕಳು ಇಲ್ಲಿ ಬೇಗ ಮುಂದೆ ಹೋಗುತ್ತಾರೆ. ‘ಆಫ್’ ಆದ ಮೇಲೆ ಬಂದ ಪದ ಷಷ್ಠಿಯಲ್ಲಿದೆ, ಷಷ್ಠಿಯಲ್ಲಿರುವ ಪದ ಕರ್ತೃವಾಗಲಾರದು ಎಂದರೆ ಅವರಿಗೆ ಇನ್ನೊಂದು ಮಾತು ಬೇಕಾಗುವುದಿಲ್ಲ.

ಪ್ರಶ್ನೆಗಳ ರಚನೆಯಲ್ಲಿ ಒಂದು ದೌರ್ಬಲ್ಯವೂ ಇದೆ. ಹೊಂದಾಣಿಕೆಯ ಬಹಳಷ್ಟು ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಗಳ ಪೈಕಿ ಮೂರು ಒಂದೇ ವಚನದಲ್ಲಿದ್ದು ನಾಲ್ಕನೆಯದು ಮಾತ್ರ ಬೇರೆ ವಚನದಲ್ಲಿರುತ್ತದೆ. ‘ಆರ್’, ‘ಹ್ಯಾವ್ ಬೀನ್’, ‘ವರ್’, ‘ಈಸ್’ ಎಂದು ಸಾಲಾಗಿ ಕೊಟ್ಟರೆ, ಗದ್ಯಭಾಗವನ್ನು ಓದದೆಯೇ ಗುಂಪಿಗೆ ಸೇರದ್ದು ಯಾವುದು ಎಂದು ಗುರುತಿಸಿ ಗುರಿ ಮುಟ್ಟಬಹುದು. ಕೋಚಿಂಗ್ ತರಗತಿಗಳಲ್ಲಿ ಇದನ್ನೇ ದೊಡ್ಡ ಗುಟ್ಟೆಂಬಂತೆ ಹೇಳಿಕೊಡುವುದುಂಟು. ಕಾಲ ಯಾವುದು ಎಂಬ ಎರಡನೆಯ ಗೊಂದಲವನ್ನು ಬೆರೆಸಬಾರದು ಎಂಬ ಉದ್ದೇಶದಿಂದ ಪ್ರಶ್ನೆ ತಯಾರಿಸುವವರು ಹೀಗೆ ಮಾಡಿರಬಹುದು. ಒಂದು ಪ್ರಶ್ನೆ ಒಂದೇ ನಿಯಮವನ್ನು ಪರೀಕ್ಷಿಸಬೇಕು ಎಂಬ ಶಿಸ್ತು ತಾನಾಗಿ ಒಳ್ಳೆಯದೇ. ಆದರೆ ಅದರಿಂದಾಗಿ ಕರ್ತೃವನ್ನು ಹುಡುಕುವ ಕಷ್ಟ ಪಡದೆಯೇ ಅಂಕ ಪಡೆಯುವ ದಾರಿ ತೆರೆದುಕೊಂಡಿದೆ. ನನ್ನ ಸಲಹೆಯೆಂದರೆ ಅಭ್ಯಾಸದ ದಿನಗಳಲ್ಲಿ ಆಯ್ಕೆಗಳನ್ನು ಕೈಯಿಂದ ಮುಚ್ಚಿಕೊಂಡು, ಕರ್ತೃವಿನ ಕೆಳಗೆ ಗೆರೆ ಎಳೆದು, ಕ್ರಿಯಾಪದ ಏಕವಚನವೋ ಬಹುವಚನವೋ ಎಂದು ಮೊದಲು ನಿರ್ಧರಿಸಬೇಕು. ಬ್ಲೂಬುಕ್‌ನಲ್ಲಿ ಗದ್ಯಭಾಗದ ಮೇಲೆ ಬಣ್ಣ ಹಚ್ಚಿ ಟಿಪ್ಪಣಿ ಬರೆಯುವ ಸಾಧನವೂ, ಬೇಡವಾದ ಆಯ್ಕೆಗಳನ್ನು ಹೊಡೆದುಹಾಕುವ ಸಾಧನವೂ ಇವೆ. ಇದಕ್ಕೆ ಬಳಸಬೇಕಾದದ್ದು ಮೊದಲನೆಯದನ್ನು.

ಖಾನ್ ಅಕಾಡೆಮಿಯ ಪಾಠಗಳು ಈ ಮೂರರಲ್ಲಿ ಹೆಚ್ಚು ಮಾನವೀಯವಾಗಿವೆ. ಹೊಂದಾಣಿಕೆಗೇ ಪ್ರತ್ಯೇಕವಾದ ಪಾಠವಿದೆ, ಅಡಿಪಾಯ, ಮಧ್ಯಮ, ಮುಂದುವರಿದ ಎಂಬ ಮೂರು ಹಂತಗಳಲ್ಲಿ ಅಭ್ಯಾಸವಿದೆ. ಪ್ರಶ್ನೆ ಬ್ಯಾಂಕ್‌ನಲ್ಲಿ ನಾನು ಕಾಣದೆ ಹೋದ ವಿಂಗಡಣೆ ಇಲ್ಲಿ ದೊರೆಯುತ್ತದೆ. ನಡುವಿನ ವಿವರಣೆಯನ್ನು ಮನಸ್ಸಿನಲ್ಲಿಯೇ ತೆಗೆದುಹಾಕಿ ಕರ್ತೃವನ್ನೂ ಕ್ರಿಯಾಪದವನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕ್ರಮವನ್ನು ಇಲ್ಲಿ ರೂಢಿಸಿಕೊಳ್ಳಬಹುದು, ಮತ್ತು ಕನ್ನಡದ ವಿದ್ಯಾರ್ಥಿಗೆ ಅದಕ್ಕಿಂತ ಉತ್ತಮವಾದ ಮದ್ದು ಇಲ್ಲ.

ಕರ್ತೃ ಮತ್ತು ಕ್ರಿಯಾಪದಗಳ ಸ್ಥಾನ ತಲೆಕೆಳಗಾಗುವ ವಾಕ್ಯಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. “ಅಮಾಂಗ್ ದಿ ಪಾಮ್-ಲೀಫ್ ಮ್ಯಾನುಸ್ಕ್ರಿಪ್ಟ್ಸ್ ಈಸ್ ಎ ಟ್ರೀಟೈಸ್ ಆನ್ ಮ್ಯಾಥಮ್ಯಾಟಿಕ್ಸ್” ಎಂಬಂತಹ ವಾಕ್ಯದಲ್ಲಿ ಕರ್ತೃ ಕಾಣಿಸಿಕೊಳ್ಳುವ ಮೊದಲೇ ಕ್ರಿಯಾಪದವನ್ನು ಆರಿಸಬೇಕಾಗುತ್ತದೆ. ‘ತಾಳೆಗರಿಗಳ ನಡುವೆ ಗಣಿತದ ಒಂದು ಗ್ರಂಥವಿದೆ’ ಎನ್ನುವ ನಮಗೆ ಸ್ಥಳವನ್ನು ಮೊದಲು ಹೇಳುವುದು ಹೊಸದೇನಲ್ಲ, ಆದರೆ ಕರ್ತೃವನ್ನು ಕೇಳುವ ಮೊದಲು ಕ್ರಿಯಾಪದದ ವಚನವನ್ನು ತೀರ್ಮಾನಿಸುವ ಸಂದರ್ಭ ನಮ್ಮ ನುಡಿಯಲ್ಲಿ ಅಪರೂಪ. ಇನ್ನೊಂದು ತೊಡಕು ‘ಹೂ’ ಮತ್ತು ‘ದಟ್’ಗಳಿಂದ ಆರಂಭವಾಗುವ ಉಪವಾಕ್ಯಗಳದ್ದು. ಕನ್ನಡದಲ್ಲಿ ‘ಹಾಡುವ ಹುಡುಗ’, ‘ಹಾಡುವ ಹುಡುಗಿಯರು’ ಎಂದು ಕೃದಂತವನ್ನು ಬಳಸುತ್ತೇವೆ. ‘ಹಾಡುವ’ ಎಂಬುದು ಲಿಂಗಕ್ಕೂ ವಚನಕ್ಕೂ ಬದಲಾಗುವುದಿಲ್ಲ. ಇಂಗ್ಲಿಷಿನ ಉಪವಾಕ್ಯದೊಳಗಿನ ಕ್ರಿಯಾಪದ ಮಾತ್ರ ತನ್ನ ಹಿಂದಿನ ನಾಮಪದದ ವಚನವನ್ನು ಹಿಡಿಯಲೇಬೇಕು. ಮುಖ್ಯ ವಾಕ್ಯದಲ್ಲಿ ಸರಿಯಾಗಿ ಬರೆಯುವವರೂ “ದಿ ಸೈಂಟಿಸ್ಟ್ಸ್ ಹೂ ಸ್ಟಡೀಸ್” ಎಂದು ಬರೆದುಬಿಡುವುದನ್ನು ನೋಡಿದರೆ ಈ ಕೃದಂತದ ಪ್ರಭಾವ ಎಷ್ಟು ಆಳವಾದದ್ದು ಎಂದು ಗೊತ್ತಾಗುತ್ತದೆ.

ಸಮೂಹವಾಚಕಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ಸಂಪ್ರದಾಯವನ್ನು ಅನುಸರಿಸಿ, ಸಮಿತಿಯ ಸದಸ್ಯರಲ್ಲಿ ಭಿನ್ನಾಭಿಪ್ರಾಯವಿದ್ದಾಗ ‘ಕಮಿಟಿ ವರ್’ ಎನ್ನಬಹುದು ಎಂದು ಕಲಿಸುತ್ತವೆ. ಅಮೆರಿಕದ ಬರಹದಲ್ಲಿ ‘ಕಮಿಟಿ’, ‘ಟೀಮ್’ ಮೊದಲಾದವು ಸಾಮಾನ್ಯವಾಗಿ ಏಕವಚನವೇ. ನಾವು ಕನ್ನಡದಲ್ಲಿ ‘ಸಮಿತಿ ತೀರ್ಮಾನಿಸಿತು’ ಎಂದೇ ಹೇಳುವುದರಿಂದ ಇದು ಕಷ್ಟವಾಗಬೇಕಾಗಿಲ್ಲ. ‘ಜನ ಬಂದರು’ ಎಂಬುದರ ನೆನಪಿನಲ್ಲಿ ‘ಪೀಪಲ್’ ಮತ್ತು ‘ಪೊಲೀಸ್’ಗಳನ್ನು ಬಹುವಚನದಲ್ಲಿಟ್ಟರೆ ಅಲ್ಲಿಗೆ ಮುಗಿಯಿತು.

ಇನ್ನು ಹೋಲಿಕೆಯ ವಿಷಯ. ಈ ಸೇವೆಯ ಬಗ್ಗೆ ನನ್ನ ದೊಡ್ಡ ಆಕ್ಷೇಪಣೆ ಇಲ್ಲಿದೆ. ಆಕ್ಷೇಪಣೆಯನ್ನು ಅಭ್ಯಾಸ ಸಾಮಗ್ರಿಯ ಮೇಲೆ ಹೊರಿಸುವುದಕ್ಕಿಂತ ಪರೀಕ್ಷೆಯ ಮೇಲೆಯೇ ಹೊರಿಸುವುದು ನ್ಯಾಯ. 2016ರಿಂದ ಕಂಪ್ಯೂಟರಿಗೆ ಬದಲಾಗುವವರೆಗೆ ಕಾಗದದ ಮೇಲೆ ನಡೆಯುತ್ತಿದ್ದ ಎಸ್‌ಎಟಿಯಲ್ಲಿ ತರ್ಕಬದ್ಧ ಹೋಲಿಕೆ ಮತ್ತು ರೂಢಿಯ ನುಡಿಗಟ್ಟು ಎರಡೂ ವ್ಯಾಕರಣದ ಪಟ್ಟಿಯಲ್ಲಿದ್ದವು. ಕಂಪ್ಯೂಟರಿನ ಎಸ್‌ಎಟಿಯ ಪಟ್ಟಿಯಿಂದ ಅವೆರಡೂ ಮಾಯವಾದವು. ಎಂಬಿಎ ಪ್ರವೇಶಕ್ಕೆ ಬರೆಯುವ ಜಿಮ್ಯಾಟ್‌ನಲ್ಲಿ ಹೋಲಿಕೆಯನ್ನು ಇದಕ್ಕಿಂತಲೂ ಸೂಕ್ಷ್ಮವಾಗಿ ಪರೀಕ್ಷಿಸುತ್ತಿದ್ದ ವಾಕ್ಯ ತಿದ್ದುವ ಪ್ರಶ್ನೆಗಳಿದ್ದವು. 2023ರ ನವೆಂಬರ್‌ನಲ್ಲಿ ಬಂದ ಹೊಸ ಆವೃತ್ತಿ ಅವುಗಳನ್ನು ಕೈಬಿಟ್ಟಿತು, ಹಳೆಯ ಪರೀಕ್ಷೆ 2024ರ ಜನವರಿಯ ಕೊನೆಗೆ ನಿಂತುಹೋಯಿತು. ಹೀಗೆ ಒಂದೆರಡು ವರ್ಷಗಳ ಅಂತರದಲ್ಲಿ ಎರಡು ದೊಡ್ಡ ಪರೀಕ್ಷೆಗಳೂ ಹೋಲಿಕೆಯ ವ್ಯಾಕರಣಕ್ಕೆ ಬೆನ್ನು ತಿರುಗಿಸಿದವು. ಪರೀಕ್ಷೆ ಕೇಳದ್ದನ್ನು ಅಭ್ಯಾಸ ಸಾಮಗ್ರಿ ಕಲಿಸುವುದಿಲ್ಲ. ಆದ್ದರಿಂದ ಬ್ಲೂಬುಕ್‌ನಲ್ಲಿ ಎಷ್ಟು ಹುಡುಕಿದರೂ ಹೋಲಿಕೆಗೆಂದೇ ರೂಪಿಸಿದ ಪ್ರಶ್ನೆ ಕಾಣಿಸುವುದಿಲ್ಲ. ಅದಕ್ಕೆ ಹತ್ತಿರದ್ದೆಂದು ಹೇಳಬಹುದಾದದ್ದು ವಿಶೇಷಣದ ಸ್ಥಾನವನ್ನು ಕುರಿತ ಪ್ರಶ್ನೆಗಳು ಮಾತ್ರ. ವಾಕ್ಯದ ಆರಂಭದ ವರ್ಣನೆ ಯಾರಿಗೆ ಸಂಬಂಧಿಸಿದ್ದೋ ಅವರೇ ಅಲ್ಪವಿರಾಮದ ಪಕ್ಕದಲ್ಲಿರಬೇಕು ಎಂಬ ನಿಯಮವನ್ನು ಅಲ್ಲಿ ಕಲಿತರೆ, ‘ಅನ್‌ಲೈಕ್’ ಎಂದು ಆರಂಭವಾಗುವ ವಾಕ್ಯದಲ್ಲಿ ಯಾವುದನ್ನು ಯಾವುದರೊಂದಿಗೆ ಹೋಲಿಸಿದೆ ಎಂದು ನೋಡುವ ಕಣ್ಣೂ ಅಷ್ಟಿಷ್ಟು ತೆರೆಯುತ್ತದೆ.

ಇದು ನಷ್ಟವೇ ಎಂದು ಕೇಳಬಹುದು. ನಷ್ಟವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಹೊಂದಾಣಿಕೆಯ ತಪ್ಪು ಹೆಚ್ಚೆಂದರೆ ಕಿವಿಗೆ ಚುಚ್ಚುತ್ತದೆ, ಹೋಲಿಕೆಯ ತಪ್ಪು ಅರ್ಥವನ್ನೇ ಕೆಡಿಸುತ್ತದೆ. “ದಿ ಕ್ಲೈಮೇಟ್ ಆಫ್ ಮಡಿಕೇರಿ ಈಸ್ ಕೂಲರ್ ದ್ಯಾನ್ ಮೈಸೂರು” ಎಂಬ ವಾಕ್ಯ ಒಂದು ಊರಿನ ಹವೆಯನ್ನು ಇನ್ನೊಂದು ಊರಿನೊಂದಿಗೆ ಹೋಲಿಸುತ್ತದೆ; ಹವೆಯನ್ನು ಹವೆಯೊಂದಿಗೆ ಹೋಲಿಸಲು ‘ದ್ಯಾನ್’ ಆದ ಮೇಲೆ ‘ದಟ್ ಆಫ್’ ಸೇರಿಸಬೇಕು. ಮಕ್ಕಳಿಗೆ ಇದು ತಪ್ಪೆಂದು ಏಕೆ ಹೊಳೆಯುವುದಿಲ್ಲವೆಂದರೆ, ‘ಮಡಿಕೇರಿಯ ಹವೆ ಮೈಸೂರಿಗಿಂತ ತಂಪು’ ಎಂದು ಕನ್ನಡದಲ್ಲಿ ನಾವೆಲ್ಲ ಹೇಳುತ್ತೇವೆ, ‘ಮೈಸೂರಿನದಕ್ಕಿಂತ’ ಎಂದು ತಿದ್ದಿ ಹೇಳುವವರು ವಿರಳ. ಪ್ರತ್ಯಯ ಊರಿನ ಹೆಸರಿಗೆ ಅಂಟಿಕೊಂಡರೂ ಕೇಳುವವರು ಹವೆಯನ್ನು ತಾವೇ ಸೇರಿಸಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಪರೀಕ್ಷೆಯ ಇಂಗ್ಲಿಷ್ ಕೇಳುಗರಿಗೆ ಅಂತಹ ಸ್ವಾತಂತ್ರ್ಯ ಕೊಡುವುದಿಲ್ಲ.

‘ಎನಿ ಅದರ್’ ಸಮಸ್ಯೆ ಇನ್ನೂ ಸ್ವಾರಸ್ಯಕರ. “ಮುಳ್ಳಯ್ಯನಗಿರಿ ಈಸ್ ಹೈಯರ್ ದ್ಯಾನ್ ಎನಿ ಪೀಕ್ ಇನ್ ಕರ್ನಾಟಕ” ಎಂದರೆ, ಮುಳ್ಳಯ್ಯನಗಿರಿಯೂ ಕರ್ನಾಟಕದಲ್ಲಿಯೇ ಇರುವುದರಿಂದ, ಅದು ತನಗಿಂತ ತಾನೇ ಎತ್ತರ ಎಂದಂತಾಗುತ್ತದೆ. ‘ಎನಿ ಅದರ್ ಪೀಕ್’ ಎಂದರೆ ಸರಿಯಾಯಿತು. ಆದರೆ ಕನ್ನಡದಲ್ಲಿ ಗುಣವಾಚಕಕ್ಕೆ ‘ಅತಿ ಹೆಚ್ಚು’ ಎಂಬ ಅರ್ಥ ಕೊಡುವ ಬೇರೆ ಪ್ರತ್ಯಯವಿಲ್ಲ. ‘ಎಲ್ಲಕ್ಕಿಂತ ಎತ್ತರ’ ಎಂದು ಹೋಲಿಕೆಯ ಪ್ರತ್ಯಯದಿಂದಲೇ ಆ ಕೆಲಸವನ್ನು ಮಾಡಿಸುತ್ತೇವೆ. ‘ಎಲ್ಲ’ ಎಂಬುದರಲ್ಲಿ ಹೋಲಿಸುತ್ತಿರುವ ವಸ್ತುವೂ ಸೇರಿತಲ್ಲ ಎಂದು ಯಾರೂ ತಕರಾರು ಮಾಡುವುದಿಲ್ಲ. ಈ ಅಭ್ಯಾಸವನ್ನು ಹೊತ್ತು ಬಂದ ವಿದ್ಯಾರ್ಥಿಗೆ ‘ಅದರ್’ ಎಂಬುದು ಅನಗತ್ಯ ಅಲಂಕಾರದಂತೆ ಕಾಣುತ್ತದೆ.

ವಿಚಿತ್ರವೆಂದರೆ, ಅಮೆರಿಕದ ಪರೀಕ್ಷೆಗಳು ಬಿಟ್ಟುಕೊಟ್ಟ ಈ ನೆಲವನ್ನು ನಮ್ಮ ದೇಶದ ಪರೀಕ್ಷೆಗಳು ಬಿಟ್ಟಿಲ್ಲ. ಎಸ್‌ಎಸ್‌ಸಿಯ ಪದವೀಧರ ಮಟ್ಟದ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು. ತಪ್ಪು ಹುಡುಕುವ ಮತ್ತು ವಾಕ್ಯ ಸುಧಾರಿಸುವ ಪ್ರಶ್ನೆಗಳು ಅಲ್ಲಿನ ಹಳೆಯ ನಿವಾಸಿಗಳು. ‘ಸೀನಿಯರ್’ ಮತ್ತು ‘ಸುಪೀರಿಯರ್’ ಆದ ಮೇಲೆ ‘ದ್ಯಾನ್’ ಬರಕೂಡದು ‘ಟು’ ಬರಬೇಕು, ‘ಪ್ರಿಫರ್’ಗೂ ಅದೇ ನಿಯಮ, ‘ನೋ ಸೂನರ್’ ಆದ ಮೇಲೆ ‘ದ್ಯಾನ್’, ‘ಹಾರ್ಡ್‌ಲಿ’ ಆದ ಮೇಲೆ ‘ವೆನ್’ ಎಂಬಂತಹ ನುಡಿಗಟ್ಟುಗಳೂ, ‘ಮೋರ್ ಬೆಟರ್’ ಎಂಬ ಎರಡು ಪಟ್ಟಿನ ಹೋಲಿಕೆಯೂ, ‘ಫ್ಯೂವರ್’ ಮತ್ತು ‘ಲೆಸ್’ಗಳ ವ್ಯತ್ಯಾಸವೂ ಅಲ್ಲಿ ಸಾಮಾನ್ಯವಾಗಿ ಕಾಣಸಿಗುವಂಥವು. ಒಂದು ತಪ್ಪು ಉತ್ತರಕ್ಕೆ ಅಲ್ಲಿ ಅರ್ಧ ಅಂಕ ಕಳೆಯುತ್ತಾರೆ, ಆದ್ದರಿಂದ ಊಹೆಯಿಂದ ಬರೆಯುವ ಧೈರ್ಯವೂ ಸಲ್ಲದು. ಆದರೆ ಈ ಪ್ರಶ್ನೆಗಳ ಸ್ವಭಾವ ಬೇರೆ. ಎಸ್‌ಎಟಿ ವಾಕ್ಯವನ್ನು ಬಿಡಿಸಿ ನೋಡು ಎನ್ನುತ್ತದೆ, ಎಸ್‌ಎಸ್‌ಸಿ ನುಡಿಗಟ್ಟನ್ನು ನೆನಪಿಟ್ಟುಕೊಂಡಿದ್ದೀಯಾ ಎಂದು ಕೇಳುತ್ತದೆ. ‘ಕಾಫಿಗಿಂತ ಚಹಾ ಇಷ್ಟ’ ಎನ್ನುವವರಿಗೆ ‘ಪ್ರಿಫರ್’ ಆದ ಮೇಲೆ ‘ಟು’ ಏಕೆ ಬರುತ್ತದೆ ಎಂದು ತರ್ಕದಿಂದ ಒಪ್ಪಿಸಲಾಗುವುದಿಲ್ಲ. ಅದನ್ನು ಕಲಿಯಬೇಕು, ಬಳಸಬೇಕು, ಅಷ್ಟೇ. ಎರಡು ಬಗೆಯ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಗೌರವವಿರುವುದು ಮೊದಲನೆಯದರ ಮೇಲೆ, ಆದರೂ ಎರಡನೆಯದನ್ನು ಉಪೇಕ್ಷಿಸಿ ಸರ್ಕಾರಿ ಕೆಲಸಕ್ಕೆ ಸೇರಲು ಸಾಧ್ಯವಿಲ್ಲ ಎಂಬುದೂ ನಿಜ.

ಬಳಕೆಯ ಅನುಕೂಲದ ಬಗ್ಗೆ ಕೆಲವು ಮಾತುಗಳು. ಬ್ಲೂಬುಕ್ ವಿಂಡೋಸ್ ಅಥವಾ ಮ್ಯಾಕ್ ಕಂಪ್ಯೂಟರಿನಲ್ಲಿ, ಐಪ್ಯಾಡ್‌ನಲ್ಲಿ ಮತ್ತು ಶಾಲೆಗಳು ನಿರ್ವಹಿಸುವ ಕ್ರೋಮ್‌ಬುಕ್‌ನಲ್ಲಿ ಕೆಲಸ ಮಾಡುತ್ತದೆ. ಮೊಬೈಲ್ ಫೋನಿನಲ್ಲಿ ಪರೀಕ್ಷೆ ತೆಗೆದುಕೊಳ್ಳಲು ಬರುವುದಿಲ್ಲ. ಮನೆಯಲ್ಲಿ ಇರುವ ಒಂದೇ ಸಾಧನ ಫೋನ್ ಆಗಿರುವ ವಿದ್ಯಾರ್ಥಿಗಳ ಪಾಲಿಗೆ ಉಚಿತ ಎಂಬ ಮಾತಿನ ಅರ್ಧ ಬೆಲೆ ಇಲ್ಲಿಯೇ ಹೋಯಿತು. ಖಾನ್ ಅಕಾಡೆಮಿಯ ಪಾಠಗಳಿಗೆ ಈ ತೊಂದರೆಯಿಲ್ಲ, ಅವು ಫೋನಿನ ಬ್ರೌಸರ್‌ನಲ್ಲಿಯೂ ತೆರೆದುಕೊಳ್ಳುತ್ತವೆ. ಬ್ಲೂಬುಕ್‌ನ ಒಂದು ಒಳ್ಳೆಯ ಗುಣವೆಂದರೆ, ಮಾದರಿ ಪರೀಕ್ಷೆಯ ಪರದೆ, ಗಡಿಯಾರ, ಮತ್ತೊಮ್ಮೆ ನೋಡಲು ಗುರುತು ಹಾಕುವ ಸೌಲಭ್ಯ ಎಲ್ಲವೂ ನಿಜವಾದ ಪರೀಕ್ಷೆಯಲ್ಲಿರುವಂತೆಯೇ ಇವೆ. ಒಂದು ಭಾಗದೊಳಗೆ ಹಿಂದೆ ಮುಂದೆ ಓಡಾಡಬಹುದು, ಭಾಗ ಮುಗಿದ ಮೇಲೆ ಹಿಂದಿರುಗುವಂತಿಲ್ಲ. ವ್ಯಾಕರಣದ ಪ್ರಶ್ನೆಗಳು ಪ್ರತಿ ಭಾಗದ ಉತ್ತರಾರ್ಧದಲ್ಲಿ, ಓದಿ ಅರ್ಥೈಸುವ ಪ್ರಶ್ನೆಗಳು ಮುಗಿದ ಮೇಲೆ ಬರುತ್ತವೆ. ಒಂದು ಪ್ರಶ್ನೆಗೆ ಸರಾಸರಿ 71 ಸೆಕೆಂಡು ಮಾತ್ರ ಇರುವುದರಿಂದ, ಮೊದಲಿನ ಕಠಿಣ ಗದ್ಯಭಾಗಗಳಲ್ಲಿ ಸಮಯ ಕಳೆದುಕೊಂಡವರು ಸುಲಭವಾಗಿ ಸಿಗುವ ವ್ಯಾಕರಣದ ಅಂಕಗಳನ್ನು ಅವಸರದಲ್ಲಿ ಕಳೆದುಕೊಳ್ಳುತ್ತಾರೆ. ವ್ಯಾಕರಣ ಗಟ್ಟಿಯಾಗಿರುವವರು ಮೊದಲು ಅಲ್ಲಿಗೆ ಹೋಗಿ ಮುಗಿಸಿಕೊಂಡು ಹಿಂದಿರುಗುವುದು ಒಳಿತು.

ಎಸ್‌ಎಟಿಗೆ ಸಿದ್ಧವಾಗುತ್ತಿರುವವರು ವ್ಯಾಕರಣಕ್ಕೆಂದು ಹಣ ಕೊಟ್ಟು ಬೇರೆ ಸಾಮಗ್ರಿ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಖಾನ್ ಅಕಾಡೆಮಿಯ ಹೊಂದಾಣಿಕೆಯ ಪಾಠದಿಂದ ಆರಂಭಿಸಿ, ಪ್ರಶ್ನೆ ಬ್ಯಾಂಕ್‌ನ ಕಠಿಣ ಪ್ರಶ್ನೆಗಳಿಗೆ ಹೋಗಿ, ಬ್ಲೂಬುಕ್‌ನ ಪೂರ್ಣ ಪರೀಕ್ಷೆಗಳನ್ನು ಕೊನೆಯ ವಾರಗಳಿಗೆ ಉಳಿಸಿಕೊಳ್ಳಬೇಕು. ಎಸ್‌ಎಸ್‌ಸಿ ಮತ್ತು ಬ್ಯಾಂಕ್ ಪರೀಕ್ಷೆಗಳ ಅಭ್ಯರ್ಥಿಗಳಿಗೂ ಮೊದಲ ಎರಡು ಹೆಜ್ಜೆಗಳನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಏಕೆಂದರೆ ಉದ್ದವಾದ ವಾಕ್ಯದಲ್ಲಿ ಕರ್ತೃವನ್ನು ಹುಡುಕುವ ತಾಲೀಮು ನಮ್ಮ ಅಗ್ಗದ ಗೈಡ್‌ಗಳಲ್ಲಿ ಸಿಗುವುದಿಲ್ಲ; ಅವುಗಳ ಉದಾಹರಣೆ ವಾಕ್ಯಗಳು ಒಂದು ಸಾಲನ್ನು ದಾಟುವುದೇ ಅಪರೂಪ. ಹೋಲಿಕೆಗೆ ಮಾತ್ರ ಅವರು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನೇ ನೆಚ್ಚಿಕೊಳ್ಳಬೇಕು. ಹಳೆಯ ಪುಸ್ತಕದಂಗಡಿಗಳಲ್ಲಿ 2023ಕ್ಕಿಂತ ಹಿಂದಿನ ಜಿಮ್ಯಾಟ್ ಅಭ್ಯಾಸ ಪುಸ್ತಕಗಳು ಕಣ್ಣಿಗೆ ಬಿದ್ದರೆ, ಅವುಗಳಲ್ಲಿರುವ ವಾಕ್ಯ ತಿದ್ದುವ ಭಾಗಕ್ಕಾಗಿಯಾದರೂ ಕೊಳ್ಳಬಹುದು. ಪರೀಕ್ಷೆ ಬದಲಾಗಿರುವುದರಿಂದ ಅವುಗಳ ಬೆಲೆ ಇಳಿದಿರಬೇಕು, ಚೌಕಾಸಿ ಮಾಡಲು ಅಡ್ಡಿಯಿಲ್ಲ.